ಕಾರ್ಖಾನೆ ಬಾಗಿಲ ಕಾರು

ಹೊಸ ಕಾರನ್ನು ಊರಿನ ಶೋರೂಮಿನಲ್ಲಿ ಕೊಳ್ಳದೆ, ಅದು ತಯಾರಾದ ದೇಶಕ್ಕೇ ಹೋಗಿ ಕಾರ್ಖಾನೆಯ ಬಾಗಿಲಲ್ಲಿ ಕೀಲಿಕೈ ಪಡೆದು, ಅಲ್ಲಿ ಕೆಲವು ವಾರ ಓಡಿಸಿ, ಆಮೇಲೆ ಹಡಗಿಗೆ ಹಾಕಿಸಿ ಮನೆಗೆ ತರಿಸಿಕೊಳ್ಳುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರದ ಯುರೋಪಿನಲ್ಲಿ ಬೆಳೆಯಿತು. ಕೊಳ್ಳುವವರು ಹೆಚ್ಚಾಗಿ ಅಮೆರಿಕನ್ನರು. ಯುದ್ಧದಲ್ಲಿ ನೆಲಕಚ್ಚಿದ್ದ ಜರ್ಮನಿಗೆ ಡಾಲರ್ ಬೇಕಿತ್ತು. ಡಾಲರ್ ಇದ್ದವರಿಗೆ ಯುರೋಪ್ ಪ್ರವಾಸ ಬೇಕಿತ್ತು. ಮರ್ಸಿಡಿಸ್, ಬಿಎಂಡಬ್ಲ್ಯು, ಪೋರ್ಶೆ, ಸ್ವೀಡನ್ನಿನ ವೋಲ್ವೊ, ಸಾಬ್ ಎಲ್ಲವೂ ಈ ವ್ಯಾಪಾರಕ್ಕೆ ಇಳಿದವು. ಕಾರಿನ ದುಡ್ಡು ಮುಂಚೆಯೇ ಬಂದಿರುವುದರಿಂದ ಕಂಪನಿಗೆ ದಾಸ್ತಾನಿನ ಬಡ್ಡಿ ಉಳಿಯುತ್ತಿತ್ತು, ಕೊಳ್ಳುವವನಿಗೆ ಬೆಲೆಯಲ್ಲಿ ನೂರಕ್ಕೆ ಐದಾರು ಭಾಗ ಕಡಿಮೆಯಾಗುತ್ತಿತ್ತು. ಪ್ರವಾಸದಲ್ಲಿ ಬಾಡಿಗೆ ಕಾರಿನ ಖರ್ಚೂ ಇಲ್ಲ. ವೋಲ್ವೊ ಒಂದು ಹೆಜ್ಜೆ ಮುಂದೆ ಹೋಗಿ ಗೋಥೆನ್‌ಬರ್ಗ್‌ಗೆ ಎರಡು ವಿಮಾನ ಟಿಕೆಟನ್ನೂ ಒಂದು ರಾತ್ರಿಯ ಹೋಟೆಲನ್ನೂ ಸೇರಿಸಿ ಕೊಡುತ್ತಿತ್ತು.

ಉಳಿತಾಯದ ಗುಟ್ಟು ಕಂಪನಿಯ ರಿಯಾಯಿತಿಗಿಂತ ಹೆಚ್ಚಾಗಿ ತೆರಿಗೆಯ ಕಾಗದದಲ್ಲಿತ್ತು. ದೇಶ ಬಿಟ್ಟು ಹೋಗುವ ಕಾರು ರಫ್ತಿನ ಸರಕು. ಅದಕ್ಕೆ ಆ ದೇಶದ ಮಾರಾಟ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ 1951ರಲ್ಲಿ ಕಾರಿನ ಮೇಲಿನ ಖರೀದಿ ತೆರಿಗೆ ಮೂರರಲ್ಲಿ ಎರಡು ಪಾಲಿನಷ್ಟಿತ್ತು. ಅಲ್ಲಿನ ನಿವಾಸಿ ಅದನ್ನು ಕಟ್ಟಲೇಬೇಕು. ಓದು, ಕೆಲಸ ಮುಗಿಸಿ ಹೊರಟ ಪರದೇಶದವನು ಅದೇ ಕಾರನ್ನು ತೆರಿಗೆ ಇಲ್ಲದೆ ಕೊಂಡು, ಸ್ವಲ್ಪ ಕಾಲ ಅಲ್ಲೇ ಓಡಿಸಿ, ಜೊತೆಗೆ ಕೊಂಡೊಯ್ಯಬಹುದಿತ್ತು. ಜರ್ಮನಿಯಲ್ಲಿ ಇಂಥ ಕಾರಿಗೆ ಬೇರೆಯೇ ನಂಬರ್ ಪ್ಲೇಟು. ಅದರ ಬಲ ತುದಿಯ ಕೆಂಪು ಪಟ್ಟಿಯಲ್ಲಿ ಅವಧಿ ಮುಗಿಯುವ ತಾರೀಖು ಅಚ್ಚಾಗಿರುತ್ತದೆ; ಅಷ್ಟರೊಳಗೆ ಕಾರು ದೇಶದ ಗಡಿ ದಾಟಬೇಕು. ಫ್ರಾನ್ಸಿನಲ್ಲಿ ಹೊರಗಿನ ಪ್ರವಾಸಿಗಳಿಗೆ ಕೆಂಪು ಪ್ಲೇಟಿನ ಹೊಸ ಕಾರು ಕೊಟ್ಟು, ಪ್ರವಾಸ ಮುಗಿದ ಮೇಲೆ ಕಂಪನಿಯೇ ವಾಪಸು ಕೊಳ್ಳುವ ಏರ್ಪಾಡು ನಡೆದುಕೊಂಡು ಬಂದಿದೆ.

ಈ ವ್ಯಾಪಾರ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ: ಹೊಸ ಕಾರು ಹಳೆಯದಾಗುವುದು ಯಾವಾಗ? ಮೆಕ್ಯಾನಿಕ್ಕು ಎಂಜಿನ್ ಕೇಳಿ ಹೇಳುತ್ತಾನೆ, ತೆರಿಗೆ ಇಲಾಖೆ ಕ್ಯಾಲೆಂಡರ್ ನೋಡಿ ಹೇಳುತ್ತದೆ. ಯುರೋಪಿನ ಒಕ್ಕೂಟದಲ್ಲಿ ಆರು ತಿಂಗಳು ದಾಟದ ಅಥವಾ 6,000 ಕಿಲೋಮೀಟರ್ ಓಡದ ಕಾರು ಹೊಸದು. ಅದನ್ನು ಯಾವ ದೇಶದಲ್ಲಿ ಕೊಂಡರೂ ವ್ಯಾಟ್ ಕಟ್ಟುವುದು ಮನೆ ಇರುವ ದೇಶದಲ್ಲಿ. ಹೀಗೆ ತೆರಿಗೆಯ ಲಾಭ ಮುಚ್ಚಿದರೂ ಮೂಲ ಬೆಲೆ ದೇಶದಿಂದ ದೇಶಕ್ಕೆ ಬೇರೆ ಇರುತ್ತಿದ್ದುದರಿಂದ ಜನ ಗಡಿ ದಾಟಿ ಕೊಳ್ಳುವುದನ್ನು ಬಿಡಲಿಲ್ಲ. ಇಟಲಿಯಲ್ಲಿ ಅಗ್ಗವಾಗಿ ಸಿಗುತ್ತಿದ್ದ ಕಾರನ್ನು ಜರ್ಮನರಿಗೂ ಆಸ್ಟ್ರಿಯನ್ನರಿಗೂ ಮಾರದಂತೆ ಇಟಲಿಯ ಡೀಲರುಗಳನ್ನು ತಡೆದ ಫೋಕ್ಸ್‌ವ್ಯಾಗನ್‌ಗೆ ಯುರೋಪಿಯನ್ ಕಮಿಷನ್ 1998ರ ಜನವರಿಯಲ್ಲಿ 10.2 ಕೋಟಿ ಎಕ್ಯೂ (ಯೂರೋಗೆ ಮುಂಚಿನ ಲೆಕ್ಕದ ಹಣ) ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು 9 ಕೋಟಿಗೆ ಇಳಿಯಿತು.

ಭಾರತದಲ್ಲಿ ಈ ಇತಿಹಾಸ ತಿರುಗಿ ನಿಂತಿದೆ. ಇಲ್ಲಿ ಪರದೇಶದಿಂದ ಕಾರು ತರುವುದು ಉಳಿತಾಯದ ದಾರಿಯಾಗಲೇ ಇಲ್ಲ. ಅದರ ಕಾರಣವನ್ನು ನೋಡಲು ಮುಂಬಯಿ–ಥಾಣೆ ಪಟ್ಟಿಗಿಂತ ಒಳ್ಳೆಯ ಜಾಗ ದೇಶದಲ್ಲಿಲ್ಲ. ಕುರ್ಲಾ, ಡೊಂಬಿವಲಿಗಳಲ್ಲಿ ಕಾರು ಕಾರ್ಖಾನೆಗಳಿದ್ದವು. ಮುಂಬಯಿ ಬಂದರು, ನ್ಹಾವಾ ಶೇವಾಗಳಲ್ಲಿ ಪರದೇಶದ ಕಾರು ಇಳಿಯುತ್ತದೆ. ನಡುವೆ ಥಾಣೆಯ ಕೈಗಾರಿಕಾ ವಸಾಹತು ವಾಗ್ಳೆ ಎಸ್ಟೇಟ್, ಅದರ ಮಗ್ಗುಲಿಗೇ ಮುಂಬಯಿ ಗಡಿಯ ಮುಲುಂಡ್ ಚೆಕ್‌ನಾಕಾ.

ಕಾರುಗಳು ಮೊದಲು ಇಲ್ಲಿಗೆ ಪೆಟ್ಟಿಗೆಯಲ್ಲಿ ಬಂದವು. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಸೇವ್ರಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆಯಿತು. ಫೋರ್ಡ್ ಕೂಡ ಮುಂಬಯಿಯಲ್ಲಿ ಜೋಡಿಸುತ್ತಿತ್ತು. ಪೂರ್ತಿ ಕಾರು ತರುವುದಕ್ಕಿಂತ ಬಿಡಿಭಾಗ ತಂದು ಇಲ್ಲಿ ಜೋಡಿಸಿದರೆ ಸಾಗಣೆಯಲ್ಲೂ ಸುಂಕದಲ್ಲೂ ಉಳಿತಾಯ. ಜೋಡಿಸುವುದಷ್ಟೇ ಸಾಲದು, ಇಲ್ಲೇ ತಯಾರಿಸಬೇಕು ಎಂದು ಹಟ ಹಿಡಿದವರಲ್ಲಿ ಮುಖ್ಯರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪ್, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ಬಂದು ಅವರು ಭಾರತದ್ದೇ ಕಾರಿನ ಯೋಜನೆ ಮುಂದಿಟ್ಟರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮುಂಬಯಿಯ ಕಾಂಗ್ರೆಸ್ ಸರ್ಕಾರವೂ ಆಮೇಲೆ ಮೈಸೂರು ಸಂಸ್ಥಾನವೂ ಒಲವು ತೋರಿದವು. ಬ್ರಿಟಿಷ್ ಭಾರತ ಸರ್ಕಾರ ಮಾತ್ರ ಮಿಸುಕಲಿಲ್ಲ. 1940ರ ಕೊನೆಗೆ ವಾಲ್‌ಚಂದ್ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆಯನ್ನೇ ಕಟ್ಟಿದರು. ವಿಮಾನಕ್ಕೆ ಸಿಕ್ಕ ಅನುಮತಿ ಕಾರಿಗೆ ಸಿಗದಿದ್ದುದು ಆ ಕಾಲದ ವಿಚಿತ್ರ. ಕಾರಿನ ಕಂಪನಿಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಹುಟ್ಟಿತು, ಕುರ್ಲಾದ ಕಾರ್ಖಾನೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್‌ಗಳಿಂದ ಕೆಲಸ ಶುರುಮಾಡಿತು.

ಸ್ವಾತಂತ್ರ್ಯದ ನಂತರ ಬಾಗಿಲು ಇನ್ನೂ ಬಿಗಿಯಾಯಿತು. ಟ್ಯಾರಿಫ್ ಕಮಿಷನ್ನಿನ ಶಿಫಾರಸಿನ ಮೇಲೆ 1953ರಲ್ಲಿ ಕೇಂದ್ರ ಸರ್ಕಾರ, ತಯಾರಿಕೆಯ ಯೋಜನೆ ಇಲ್ಲದ ಜೋಡಣೆ ಕಂಪನಿಗಳು ಜಾಗ ಖಾಲಿ ಮಾಡಬೇಕೆಂದು ತೀರ್ಮಾನಿಸಿತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ ಹೊರಟವು. ಉಳಿದವುಗಳಲ್ಲಿ ಕಾರಿನ ಮಟ್ಟಿಗೆ ಲೆಕ್ಕಕ್ಕಿದ್ದವು ಮೂರು: ಕಲ್ಕತ್ತೆಯ ಅಂಬಾಸಿಡರ್, ಮದ್ರಾಸಿನ ಸ್ಟ್ಯಾಂಡರ್ಡ್, ಮುಂಬಯಿಯ ಫಿಯೆಟ್. ಕುರ್ಲಾದ ಫಿಯೆಟ್ 1100 ಕಾರು 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಆಯಿತು. ಕೊಳ್ಳುವವರು ಸಾಲುಗಟ್ಟಿದ್ದರು, ಕಾರುಗಳು ಹನಿಹನಿಯಾಗಿ ಬರುತ್ತಿದ್ದವು. ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಾರು ಕೈಗೆ ಬಂದ ದಿನವೇ ಹೆಚ್ಚು ಬೆಲೆಗೆ ಮಾರಿಬಿಡುವ ದಂಧೆಯನ್ನು ತಡೆಯಲು 1959ರಲ್ಲಿ ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ ಬಂತು. ಆದರೂ ಬೆಲೆಯ ಮೇಲೆ ‘ಆನ್’ ಕೊಟ್ಟರೆ ಸಿಗುತ್ತದೆ ಎಂಬ ಮಾತು ಮಾರುಕಟ್ಟೆಯಲ್ಲಿ ಇದ್ದೇ ಇತ್ತು. ಹೊಸ ಕಾರಿಗಿಂತ ಒಂದು ವರ್ಷ ಓಡಿದ ಕಾರು ದುಬಾರಿಯಾಗಿರುವ ದೇಶದಲ್ಲಿ ಉಳಿತಾಯದ ಲೆಕ್ಕವೇ ಬೇರೆ. ಕಾಯದೆ ಕಾರು ಸಿಕ್ಕರೆ ಅದೇ ದೊಡ್ಡ ಉಳಿತಾಯ.

ಕರ್ನಾಟಕಕ್ಕೆ ಈ ಕಾರುಗಳು ಬರುತ್ತಿದ್ದ ದಾರಿಗೂ ಥಾಣೆಗೂ ನಂಟಿದೆ. ಹಳೆಯ ರಾಷ್ಟ್ರೀಯ ಹೆದ್ದಾರಿ 4 ಶುರುವಾಗುತ್ತಿದ್ದುದು ಥಾಣೆಯ ಹತ್ತಿರ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಅದು ಮದ್ರಾಸಿಗೆ ಹೋಗುತ್ತಿತ್ತು. ಹತ್ತಾರು ಕಾರು ಹೊತ್ತು ಸಾಗುವ ಟ್ರೇಲರ್‌ಗಳು ಬರುವ ಮುಂಚೆ ಹೊಸ ಕಾರು ‘ಬೈ ರೋಡ್’ ಬರುತ್ತಿತ್ತು. ಡೀಲರಿನ ಡ್ರೈವರು ಕಾರ್ಖಾನೆಯಿಂದ ಹೊರಡಿಸಿ ಊರಿನವರೆಗೆ ಓಡಿಸುತ್ತಿದ್ದ. ಸೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಗೇ ಇರಬೇಕು, ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ. ಹೊಸ ಎಂಜಿನ್ನಿನ ಪಿಸ್ಟನ್ನು, ರಿಂಗು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಜೋರಾಗಿ ಓಡಿಸಬಾರದು. ಘಾಟಿಯಲ್ಲಿ ಎಂಜಿನ್ ಬಿಸಿಯಾದರೆ ಬಾನೆಟ್ ಎತ್ತಿ ಮರದ ನೆರಳಲ್ಲಿ ನಿಲ್ಲಿಸಬೇಕು. ಮುಂಬಯಿಯಿಂದ ಬೆಂಗಳೂರು ಸುಮಾರು ಸಾವಿರ ಕಿಲೋಮೀಟರ್. ‘ಹೊಸ’ ಕಾರು ಮಾಲೀಕನ ಮನೆ ಬಾಗಿಲಿಗೆ ಬಂದಾಗ ಮೀಟರಿನಲ್ಲಿ ಅಷ್ಟು ಓಡಿರುತ್ತಿತ್ತು, ಯಾರೂ ಅದನ್ನು ಹಳೆಯದೆನ್ನುತ್ತಿರಲಿಲ್ಲ.

ಲಾರಿ ವ್ಯಾಪಾರದಲ್ಲಿ ಕಾರ್ಖಾನೆ ಬಾಗಿಲಲ್ಲೇ ಗಾಡಿ ತೆಗೆದುಕೊಳ್ಳುವುದು ಇನ್ನೂ ಸಹಜವಾಗಿತ್ತು. ಲಾರಿ ಎಂದು ಮಾರುತ್ತಿದ್ದುದು ಬರಿಯ ಚಾಸಿ: ಎಂಜಿನ್, ಸ್ಟಿಯರಿಂಗ್, ಚಕ್ರಗಳ ಮೇಲೆ ಉದ್ದನೆಯ ಎರಡು ಕಬ್ಬಿಣದ ಪಟ್ಟಿ. ಕ್ಯಾಬಿನ್ ಇಲ್ಲ, ಗಾಜಿಲ್ಲ. ಚಾಸಿ ಡ್ರೈವರು ಮರದ ಪೆಟ್ಟಿಗೆಯೊಂದನ್ನು ಸೀಟು ಮಾಡಿಕೊಂಡು, ತಲೆಗೂ ಮುಖಕ್ಕೂ ಟವೆಲ್ ಸುತ್ತಿ, ಕಣ್ಣಿಗೆ ಗಾಗಲ್ಸ್ ಹಾಕಿಕೊಂಡು ಮಳೆ ಬಿಸಿಲಲ್ಲಿ ನೂರಾರು ಮೈಲಿ ಓಡಿಸುತ್ತಿದ್ದ. ಬಾಡಿ ಕಟ್ಟಿಸುವುದು ಮಾಲೀಕನ ಊರಿನಲ್ಲಿ, ಅಲ್ಲಿನ ಬಡಗಿ, ವೆಲ್ಡರ್, ಪೇಂಟರ್‌ಗಳ ಕೈಯಲ್ಲಿ. ಅದರಲ್ಲಿ ಉಳಿಯುತ್ತಿದ್ದ ದುಡ್ಡು ನಿಜವಾದ ದುಡ್ಡು, ಮಾಲೀಕನ ಹೆಸರು ದೇವರ ಹೆಸರಿನ ಜೊತೆ ಮುಂದೆ ಬರೆಸುವ ಹೆಮ್ಮೆ ಅದರ ಮೇಲಿನ ಬೋನಸ್ಸು.

ಮಹಾರಾಷ್ಟ್ರದ ಕೈಗಾರಿಕಾ ವಸಾಹತುಗಳ ಕತೆಯೂ ಇದೇ ದಶಕಗಳದು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, 1962ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂತು. ವಾಗ್ಳೆ ಎಸ್ಟೇಟ್ ಅದರ ಮೊದಮೊದಲ ವಸಾಹತುಗಳಲ್ಲಿ ಒಂದು. ಮುಂಬಯಿ ನಗರದಲ್ಲಿ ಜಾಗ ಸಾಲದ ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಗಳು ಇಲ್ಲಿಗೆ ಬಂದವು. ರಸ್ತೆಗಳಿಗೆ ಹೆಸರಿಲ್ಲ, ನಂಬರು: ರೋಡ್ ನಂಬರ್ 16, ರೋಡ್ ನಂಬರ್ 22. ಮುಂದೆ ಈ ಶೆಡ್‌ಗಳಲ್ಲಿ ಎಷ್ಟೋ ಐಟಿ ಕಟ್ಟಡಗಳಾದವು.

ಪರದೇಶದಿಂದ ಕಾರು ತರುವ ಕತೆಗೆ ಬಂದರೆ, ಅಲ್ಲಿ ಕೆಲಸ ಮಾಡಿ ಮರಳುವ ಭಾರತೀಯ ತನ್ನ ಕಾರನ್ನು ತರಬಹುದು. ‘ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್’, ಬಾಯಿಮಾತಿನಲ್ಲಿ ‘ಟಿಆರ್’, ಎಂಬ ಈ ದಾರಿಯಲ್ಲಿ ಎರಡು ವರ್ಷ ಸತತವಾಗಿ ಹೊರಗಿದ್ದು ಖಾಯಂ ನೆಲೆಸಲು ಬರುವವನಿಗೆ ಒಂದು ಕಾರಿಗೆ ಅವಕಾಶ. ಆ ಕಾರು ಕನಿಷ್ಠ ಒಂದು ವರ್ಷ ಪರದೇಶದಲ್ಲಿ ಅವನ ವಶದಲ್ಲಿರಬೇಕು, ಸುಂಕ ಪೂರ್ತಿ ಕಟ್ಟಬೇಕು. ಕಾರ್ಖಾನೆ ಬಾಗಿಲಲ್ಲಿ ಕೀಲಿ ಪಡೆದು ನೇರ ಹಡಗಿಗೆ ಹಾಕುವವನಿಗೆ ಈ ದಾರಿ ಇಲ್ಲ. ಅವನ ಕಾರು ಇನ್ನೊಂದು ಬಲೆಗೆ ಬೀಳುತ್ತದೆ. ಭಾರತದ ಆಮದು ನೀತಿಯ ಪ್ರಕಾರ ಬರುವ ಮುಂಚೆ ಮಾರಾಟವಾಗದ, ಬಾಡಿಗೆಗೆ ಹೋಗದ, ಯಾವ ದೇಶದಲ್ಲೂ ನೋಂದಣಿಯಾಗದ ಕಾರು ಮಾತ್ರ ಹೊಸದು. ಮ್ಯೂನಿಕ್‌ನಲ್ಲಿ ತಾತ್ಕಾಲಿಕ ಪ್ಲೇಟು ಹಾಕಿಸಿಕೊಂಡು ಆಲ್ಪ್ಸ್ ನೋಡಿ ಬಂದ ಕಾರು, ಹೊಳಪು ಎಷ್ಟಿದ್ದರೂ, ಇಲ್ಲಿ ಸೆಕೆಂಡ್ ಹ್ಯಾಂಡ್.

ಸೆಕೆಂಡ್ ಹ್ಯಾಂಡ್ ಎಂದಾದ ಮೇಲೆ ಷರತ್ತುಗಳ ಸರಮಾಲೆ. 2001ರ ಏಪ್ರಿಲಿನಲ್ಲಿ ಆಮದಿನ ಪ್ರಮಾಣದ ಮೇಲಿನ ಕಟ್ಟುಗಳನ್ನು ತೆಗೆದಾಗ, ಹಳೆಯ ಪರದೇಶಿ ಕಾರುಗಳು ನುಗ್ಗಿಬಿಡಬಹುದೆಂಬ ಹೆದರಿಕೆಯಿಂದ ಕೇಂದ್ರ ಸರ್ಕಾರ ಇವನ್ನು ಜೋಡಿಸಿತು. ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡಬಲ್ಲದೆಂದು ಪ್ರಮಾಣಪತ್ರ ಬೇಕು. ಇಳಿಸುವುದು ಮುಂಬಯಿ ಬಂದರಿನಲ್ಲಿ ಮಾತ್ರ. ಮಂಗಳೂರಿನವನಿಗೆ ಮನೆ ಬಾಗಿಲಲ್ಲೇ ಬಂದರಿದ್ದರೂ ಬಳಸಿದ ಕಾರಿಗೆ ಮುಂಬಯಿಯೇ ಗತಿ. ಹೊಸ ಕಾರಿಗೆ ಚೆನ್ನೈ, ಕೊಚ್ಚಿ, ಕೋಲ್ಕತ್ತ ಮುಂತಾದ ಬಂದರುಗಳೂ, 1989ರ ಮೇ 26ರಂದು ಲೋಕಾರ್ಪಣೆಯಾದ ನವಿಮುಂಬಯಿ ಮಗ್ಗುಲಿನ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರೂ ತೆರೆದಿವೆ.

ಸುಂಕದ ಲೆಕ್ಕ ಹಾಕಿದರೆ ಆಸೆ ಉಳಿಯುವುದಿಲ್ಲ. 2013ರ ಬಜೆಟ್ಟಿನಲ್ಲಿ ದುಬಾರಿ ಹೊಸ ಕಾರಿನ ಸುಂಕ ನೂರಕ್ಕೆ 75ರಿಂದ 100ಕ್ಕೂ, ಬಳಸಿದ ಕಾರಿನದು 100ರಿಂದ 125ಕ್ಕೂ ಏರಿತು. ಬಂದರಿಗೆ ಬಂದು ಮುಟ್ಟುವಾಗ 20 ಲಕ್ಷ ರೂಪಾಯಿ ಬೆಲೆಬಾಳುವ ಬಳಸಿದ ಕಾರೊಂದನ್ನು 2017ರ ಜಿಎಸ್‌ಟಿ ನಂತರದ ದರದಲ್ಲಿ ನೋಡೋಣ. ಸುಂಕ 25 ಲಕ್ಷ. ಎರಡೂ ಸೇರಿದ 45 ಲಕ್ಷದ ಮೇಲೆ ನೂರಕ್ಕೆ 28ರಂತೆ ಜಿಎಸ್‌ಟಿ 12.6 ಲಕ್ಷ. ಸೆಸ್ ಇನ್ನೂ ಸೇರಿಸದೆಯೇ 57.6 ಲಕ್ಷ. ಕಾರ್ಖಾನೆ ಬಾಗಿಲಲ್ಲಿ ಕೊಂಡದ್ದಕ್ಕೆ ಕಂಪನಿ ನೂರಕ್ಕೆ ಏಳು ಬಿಟ್ಟಿದ್ದರೆ ಉಳಿದದ್ದು 1.4 ಲಕ್ಷ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಸುಂಕದ ಈ ಗೋಡೆಯನ್ನು ದೇಶಕ್ಕೆಲ್ಲ ತೋರಿಸಿಕೊಟ್ಟ ಕಾರೊಂದಿದೆ. ಬ್ರಾಡ್ಮನ್ನರ 29 ಟೆಸ್ಟ್ ಶತಕಗಳ ದಾಖಲೆಯನ್ನು ಸರಿಗಟ್ಟಿದ್ದಕ್ಕೆ ಫಿಯೆಟ್ ಕಂಪನಿ ಸಚಿನ್ ತೆಂಡೂಲ್ಕರರಿಗೆ ಫೆರಾರಿ 360 ಮೊಡೆನಾ ಉಡುಗೊರೆ ಕೊಟ್ಟಿತು. 2002ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಅದನ್ನು ಒಪ್ಪಿಸಿದವರು ಮೈಕೆಲ್ ಶುಮಾಕರ್. ಕಾರು ಪುಕ್ಕಟೆ, ಭಾರತಕ್ಕೆ ತರಲು ಸುಂಕ 1.13 ಕೋಟಿ ರೂಪಾಯಿ. ಕೇಂದ್ರ ಸರ್ಕಾರ ವಿನಾಯಿತಿ ಕೊಡಲು ಹೊರಟಾಗ ಗದ್ದಲವೆದ್ದು ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಕೊನೆಗೆ ಸುಂಕವನ್ನು ಫಿಯೆಟ್ಟೇ ಕಟ್ಟಿತು.

ಸುಂಕ ಕಟ್ಟದೆ ಪರದೇಶಿ ಕಾರನ್ನು ಇಲ್ಲಿ ಓಡಿಸುವ ಒಂದು ದಾರಿ ಕಾರ್ನೆಟ್. ಮುಂಬಯಿಯಲ್ಲಿ 1919ರಲ್ಲಿ ಸ್ಥಾಪನೆಯಾದ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನಿನಂಥ ಸಂಸ್ಥೆಗಳು ಇದರ ಕಾರುಬಾರು ನೋಡುತ್ತವೆ. ಕಾರು ವಾಪಸು ಹೋಗುತ್ತದೆಂಬ ಜಾಮೀನಿನ ಪುಸ್ತಕ ಅದು. ಬಂದಾಗ ಒಂದು ಮುದ್ರೆ, ಹೋಗುವಾಗ ಒಂದು ಮುದ್ರೆ, ಇರುವ ಅವಧಿ ಸಾಮಾನ್ಯವಾಗಿ ಆರು ತಿಂಗಳು. ಕಾಸರಗೋಡು, ಮಂಗಳೂರಿನ ರಸ್ತೆಗಳಲ್ಲಿ ಆಗಾಗ ಕಾಣುವ ದುಬೈ ನಂಬರಿನ ಕಾರುಗಳು ಬಂದಿರುವುದು ಹೀಗೆ, ರಜೆಗೆ ಬಂದ ಯಜಮಾನನ ಜೊತೆ ರಜೆಗೆ.

ಹೊರಗಿನ ಬಾಗಿಲು ಮುಚ್ಚಿದ್ದರಿಂದ ಭಾರತದ ಕೊಳ್ಳುವವನು ಒಳಗಿನ ಗಡಿಗಳಲ್ಲಿ ಉಳಿತಾಯ ಹುಡುಕಿದ. ಜಿಎಸ್‌ಟಿಗೆ ಮುಂಚೆ ಮಾರಾಟ ತೆರಿಗೆ ರಾಜ್ಯಕ್ಕೊಂದು ದರದಲ್ಲಿತ್ತು. ಅಗ್ಗದ ರಾಜ್ಯದಲ್ಲಿ ಕೊಂಡು ಮನೆಗೆ ಓಡಿಸಿಕೊಂಡು ಬರುವವರನ್ನು ಹಿಡಿಯಲು ಮಹಾರಾಷ್ಟ್ರ 1987ರಲ್ಲಿ ಮೋಟಾರು ವಾಹನಗಳ ಪ್ರವೇಶ ತೆರಿಗೆಯ ಕಾಯ್ದೆ ಮಾಡಿತು. ಇಲ್ಲೂ ಅದೇ ಕ್ಯಾಲೆಂಡರ್: ಬೇರೆ ರಾಜ್ಯದಲ್ಲಿ ನೋಂದಣಿಯಾಗಿ ಹದಿನೈದು ತಿಂಗಳು ದಾಟಿದ್ದರೆ ತೆರಿಗೆ ಇರಲಿಲ್ಲ. ರಸ್ತೆ ತೆರಿಗೆ ಕಡಿಮೆಯಿರುವ ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಓಡಿಸುವ ಉಪಾಯ ದೊಡ್ಡ ಕಾರುಗಳವರದು. ಹೊರರಾಜ್ಯದ ಕಾರನ್ನು ಹೊಸ ನಂಬರಿಗೆ ಬದಲಿಸಲು ಕೇಂದ್ರದ ಮೋಟಾರು ವಾಹನ ಕಾಯ್ದೆ ಹನ್ನೆರಡು ತಿಂಗಳ ಗಡುವು ಕೊಟ್ಟಿದೆ. ಕರ್ನಾಟಕ 2014ರಲ್ಲಿ ಹೊರರಾಜ್ಯದ ಕಾರುಗಳಿಗೆ ಜೀವಿತಾವಧಿ ತೆರಿಗೆ ಹಾಕುವ ಗಡುವನ್ನು ಮೂವತ್ತು ದಿನಕ್ಕೆ ಇಳಿಸಿದಾಗ ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಇನ್ನೂ ಚಿಕ್ಕ ಗಡಿ ಜಕಾತಿಯದು, ಅದು ವಾಗ್ಳೆ ಎಸ್ಟೇಟಿನ ಪಕ್ಕದ್ದೇ. ನಗರದೊಳಗೆ ಬರುವ ಸರಕಿನ ಮೇಲೆ ಮುಂಬಯಿ ಮಹಾನಗರಪಾಲಿಕೆ ಜಕಾತಿ ಹಾಕುತ್ತಿತ್ತು. ಮುಲುಂಡ್, ದಹಿಸರ್, ಐರೋಲಿಯ ನಾಕಾಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾಕಾದ ಈಚೆಗೆ ಥಾಣೆಯ ದರ, ನವಿಮುಂಬಯಿಯಲ್ಲಿ ಜಕಾತಿ ಬದಲು ಸೆಸ್. ಹಾಗಾಗಿ ಒಂದೇ ಕಂಪನಿಯ ಬೆಲೆಪಟ್ಟಿಯಲ್ಲಿ ಮುಂಬಯಿಗೊಂದು, ಥಾಣೆಗೊಂದು, ನವಿಮುಂಬಯಿಗೊಂದು ಕಾಲಂ. ಹತ್ತು ನಿಮಿಷದ ದಾರಿಯಲ್ಲಿ ಅದೇ ಕಾರಿಗೆ ಬೇರೆ ಬೆಲೆ. ಗೋಥೆನ್‌ಬರ್ಗ್‌ಗೆ ವಿಮಾನ ಹತ್ತಿದವರ ಲೆಕ್ಕಕ್ಕೂ ಮುಲುಂಡ್ ನಾಕಾ ದಾಟಿ ಶೋರೂಮ್ ವಿಚಾರಿಸಿದವರ ಲೆಕ್ಕಕ್ಕೂ ಜಾತಿ ಒಂದೇ.

ಅಷ್ಟರಲ್ಲಿ ಮುಂಬಯಿ–ಥಾಣೆ ಪಟ್ಟಿಯ ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದವು. ಡೊಂಬಿವಲಿ–ಕಲ್ಯಾಣ್ ಪಟ್ಟಿಯಲ್ಲಿ ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪಿಜೊ ಜೊತೆ ಸೇರಿ 1994ರಿಂದ ಪಿಜೊ 309 ತಯಾರಿಸಿತು. ಕೆಲವೇ ವರ್ಷದಲ್ಲಿ ಅದು ನಿಂತಿತು. ಕುರ್ಲಾದ ಪದ್ಮಿನಿಯ ತಯಾರಿಕೆ ಹೊಸ ಸಹಸ್ರಮಾನದ ಹೊಸ್ತಿಲಲ್ಲಿ ಮುಗಿಯಿತು, ಆ ಜಾಗದಲ್ಲಿ ಈಗ ಕೊಹಿನೂರ್ ಸಿಟಿ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಆಯಸ್ಸು ಮುಗಿಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಯುರೋಪಿನಲ್ಲಿ ಪದ್ಮಿನಿಯ ತಯಾರಿಕೆ ಮುಗಿಯುತ್ತಿದ್ದ ಕಾಲಕ್ಕೆ ಕಾರು ಒಪ್ಪಿಸುವುದು ಒಂದು ಉತ್ಸವವಾಯಿತು: ವುಲ್ಫ್ಸ್‌ಬರ್ಗ್‌ನಲ್ಲಿ ಫೋಕ್ಸ್‌ವ್ಯಾಗನ್ 2000ದಲ್ಲಿ ತೆರೆದ ಆಟೊಸ್ಟಾಟ್‌ನ ಎರಡು ಗಾಜಿನ ಗೋಪುರಗಳಲ್ಲಿ ತಲಾ 400 ಕಾರು, ಮೀಟರ್ ತಿರುಗದಂತೆ ಲಿಫ್ಟಿನಲ್ಲೇ ಕೆಳಗಿಳಿದು ಮಾಲೀಕನ ಮುಂದೆ ನಿಲ್ಲುತ್ತವೆ. ಆದರೆ ಅಮೆರಿಕನ್ನರಿಗೆ ಬಿಎಂಡಬ್ಲ್ಯು, ಮರ್ಸಿಡಿಸ್ ಕೊಡುತ್ತಿದ್ದ ರಿಯಾಯಿತಿಯ ಯೋಜನೆಗಳು 2020ರಲ್ಲಿ ನಿಂತವು.

ಮುಂಬಯಿಯ ಜಕಾತಿ 2017ರ ಜೂನ್ 30ರ ಮಧ್ಯರಾತ್ರಿಗೆ ಕೊನೆಗೊಂಡಿತು. ಜಿಎಸ್‌ಟಿ ಬಂದ ಮೇಲೆ ಮುಲುಂಡ್ ನಾಕಾದ ಆಚೆ ಈಚೆ ಕಾರಿನ ಮೇಲಿನ ತೆರಿಗೆ ಒಂದೇ. ಈಗ ವ್ಯತ್ಯಾಸ ಉಳಿದಿರುವುದು ನಂಬರ್ ಪ್ಲೇಟಿನಲ್ಲಿ: ಥಾಣೆಗೆ ಎಂಎಚ್ 04, ಕಲ್ಯಾಣ್‌ಗೆ ಎಂಎಚ್ 05, ನವಿಮುಂಬಯಿಗೆ ಎಂಎಚ್ 43.